ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು

ರೋಗವನ್ನು ಗೆಲ್ಲಲು ಮಾನವನು ನಡೆಸಿದ ಹೋರಾಟದ ಕಥೆಯು ರಾಜಮಹಾರಾಜರ ಯುದ್ಧಗಳ ಕಥೆಗಿಂತ ಕಡಿಮೆ ರೋಮಾಂಚಕವಾದುದಲ್ಲ. ಈ ಹೋರಾಟದಲ್ಲಿ ಸೆಣಸಿದ ಧೀರರಲ್ಲಿ ಕೆಲವರ ಹೆಸರು ಮನೆಮಾತಾಗಿದೆ. ಮತ್ತೆ ಕೆಲವರ ಪರಿಶ್ರಮದಿಂದ ದೊರೆತ ಔಷಧಿಗಳು ಲೋಕದಲ್ಲೆಲ್ಲ ಬಳಕೆಯಲ್ಲಿವೆ. ಆದರೆ ಅವರ ಹೆಸರನ್ನು ಬಲ್ಲವರು ವಿರಳ. ಇಂಥವರ ಸಾಲಿನಲ್ಲಿ ಸೇರಿದವರು ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು. ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಮೊದಲ ಬಾರಿಗೆ ತುಸುವಾದರೂ ಬಿಡುವು ಕೊಟ್ಟ ಔಷಧಿಯು ಅವರ ಪ್ರಯೋಗಾಲಯದಿಂದ ಬಂದಿತು. ಜ್ವರವನ್ನೂ ಸೋಂಕನ್ನೂ ಎದುರಿಸುವ ಒಂದು ಪ್ರಬಲ ಔಷಧಿಯೂ ಅದೇ ಪ್ರಯೋಗಾಲಯದಿಂದ ಬಂದಿತು. ಈ ಎರಡು ಔಷಧಿಗಳಿಗೂ ಒಂದಕ್ಕೊಂದು ಆಳವಾದ ಸಂಬಂಧವಿದೆ. ಅದನ್ನು ತಿಳಿಯಬೇಕಾದರೆ ಸುಬ್ಬರಾಯರ ಜೀವನವನ್ನು ಮೊದಲಿನಿಂದ ನೋಡಬೇಕು.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರಂ ಎಂಬ ಊರಿನಲ್ಲಿ ಜನಿಸಿದರು. ಈ ಊರು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು, ಈಗ ಆಂಧ್ರಪ್ರದೇಶದಲ್ಲಿದೆ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ದಂಪತಿಗಳ ಏಳು ಮಂದಿ ಮಕ್ಕಳಲ್ಲಿ ಸುಬ್ಬರಾಯರು ನಾಲ್ಕನೆಯವರು. ತಂದೆಯ ಅನಾರೋಗ್ಯದಿಂದಾಗಿ ಸಂಸಾರವು ಕಷ್ಟಕ್ಕೆ ಸಿಲುಕಿತ್ತು. ಮಕ್ಕಳ ವಿದ್ಯಾಭ್ಯಾಸದ ಹೊರೆಯೆಲ್ಲ ಬಹುಮಟ್ಟಿಗೆ ತಾಯಿಯ ಹೆಗಲ ಮೇಲೆ ಬಿದ್ದಿತು. ಆದರೆ ಬಾಲಕ ಸುಬ್ಬರಾಯನಿಗೆ ಓದಿನಲ್ಲಿ ಆಸಕ್ತಿ ಇರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಅವನು ಮನೆ ಬಿಟ್ಟು ಓಡಿಹೋದನು. ಕಾಶಿಗೆ ಹೋಗಿ, ಅಲ್ಲಿಗೆ ಬರುವ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸಬೇಕೆಂಬುದು ಅವನ ಹಂಬಲವಾಗಿತ್ತು. ತಾಯಿ ಅವನನ್ನು ಹುಡುಕಿಸಿ ಹಿಂದಕ್ಕೆ ಕರೆತಂದು ಮತ್ತೆ ಶಾಲೆಗೆ ಸೇರಿಸಿದಳು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವನು ಎರಡು ಸಲ ಅನುತ್ತೀರ್ಣನಾದನು. ತಾಯಿ ಛಲ ಬಿಡಲಿಲ್ಲ. ಮದರಾಸಿನ ಹಿಂದೂ ಹೈಸ್ಕೂಲಿನಲ್ಲಿ ಓದಿ, ಮೂರನೆಯ ಪ್ರಯತ್ನದಲ್ಲಿ ಅವನು ತೇರ್ಗಡೆ ಹೊಂದಿದನು. ಮುಂದೆ ಜಗತ್ತಿನ ಶ್ರೇಷ್ಠ ವಿಜ್ಞಾನಿಗಳ ನಡುವೆ ನಿಂತವರು ಬಾಲ್ಯದಲ್ಲಿ ಹೀಗೆ ಮತ್ತೆ ಮತ್ತೆ ಸೋತವರೆಂಬುದು ನೆನಪಿಡತಕ್ಕ ಸಂಗತಿ.

ಕಾಲೇಜಿನಲ್ಲಿ ಓದುತ್ತಿದ್ದಾಗ ಸುಬ್ಬರಾಯರ ಮನಸ್ಸು ವೈರಾಗ್ಯದ ಕಡೆಗೆ ತಿರುಗಿತು. ರಾಮಕೃಷ್ಣ ಆಶ್ರಮವನ್ನು ಸೇರಿ ಸಂನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿ ಇದಕ್ಕೆ ಒಪ್ಪಲಿಲ್ಲ. ವೈದ್ಯನಾಗಿ ರೋಗಿಗಳ ಸೇವೆ ಮಾಡುವುದೂ ಭಗವಂತನ ಸೇವೆಯೇ ಎಂಬ ಹಿತನುಡಿ ಆಶ್ರಮದ ಹಿರಿಯರಿಂದಲೂ ದೊರೆಯಿತು. ಅದರಂತೆ ಅವರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಗೆಳೆಯರೂ, ಮುಂದೆ ಅವರ ಮಾವನವರಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಗಳೂ ಓದಿನ ವೆಚ್ಚಕ್ಕೆ ನೆರವಾದರು. 1919ರಲ್ಲಿ ಮೂರ್ತಿಗಳ ಪುತ್ರಿ ಶೇಷಗಿರಿಯೊಡನೆ ಸುಬ್ಬರಾಯರ ವಿವಾಹ ನಡೆಯಿತು.

ಅದು ಸ್ವಾತಂತ್ರ್ಯದ ಹೋರಾಟವು ಕಾವೇರುತ್ತಿದ್ದ ಕಾಲ. ವಿದೇಶೀ ವಸ್ತುಗಳನ್ನು ತ್ಯಜಿಸಬೇಕೆಂಬ ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾಯರು ಖಾದಿಯನ್ನು ಧರಿಸಿ ಕಾಲೇಜಿಗೆ ಹೋಗತೊಡಗಿದರು. ಶಸ್ತ್ರಚಿಕಿತ್ಸೆಯನ್ನು ಬೋಧಿಸುತ್ತಿದ್ದ ಆಂಗ್ಲ ಪ್ರಾಧ್ಯಾಪಕರಿಗೆ ಇದು ಸಹನೆಯಾಗಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಉತ್ತರಿಸಿದರೂ ಸುಬ್ಬರಾಯರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯದೆ, ಅದಕ್ಕಿಂತ ಕೆಳಗಿನದಾದ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ದೊರೆಯಿತು. ಸರ್ಕಾರದ ವೈದ್ಯಕೀಯ ಸೇವೆಯ ಬಾಗಿಲು ಅವರಿಗೆ ತೆರೆಯಲಿಲ್ಲ. ಮದರಾಸಿನಲ್ಲಿ ಡಾಕ್ಟರ್ ಲಕ್ಷ್ಮೀಪತಿಗಳ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿ ಅವರು ಕೆಲಸಕ್ಕೆ ಸೇರಿದರು.

ಈ ನಡುವೆ ಅವರ ಮನೆಯ ಮೇಲೆ ಭೀಕರವಾದ ವಿಪತ್ತು ಎರಗಿತ್ತು. ಸ್ಪ್ರೂ ಎಂಬುದು ಉಷ್ಣವಲಯದ ಒಂದು ರೋಗ. ಇದು ತಗುಲಿದವರ ಕರುಳು ಆಹಾರದ ಸಾರವನ್ನು ಹೀರಿಕೊಳ್ಳಲಾರದು. ರೋಗಿಯು ಭೇದಿಯಿಂದ ಬಳಲುತ್ತ, ರಕ್ತಹೀನನಾಗಿ, ದಿನೇ ದಿನೇ ಕೃಶನಾಗುತ್ತಾನೆ. ಸುಬ್ಬರಾಯರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಈ ರೋಗಕ್ಕೆ ಬಲಿಯಾದರು. ವೈದ್ಯಶಾಸ್ತ್ರವನ್ನು ಓದಿಯೂ ಒಡಹುಟ್ಟಿದವರನ್ನು ಉಳಿಸಿಕೊಳ್ಳಲಾಗಲಿಲ್ಲವೆಂಬ ನೋವು ಅವರ ಮನಸ್ಸಿನಲ್ಲಿ ಆಳವಾಗಿ ನೆಟ್ಟಿತು. ಔಷಧಿಯಿಲ್ಲದ ರೋಗಗಳಿಗೆ ಔಷಧಿಯನ್ನು ಹುಡುಕಬೇಕೆಂಬ ನಿಶ್ಚಯವು ಆ ನೋವಿನಿಂದಲೇ ಮೂಡಿತು.

ಅಂಥ ಸಂಶೋಧನೆಗೆ ಬೇಕಾದ ಸೌಕರ್ಯ ಆಗ ಭಾರತದಲ್ಲಿ ಇರಲಿಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಉಷ್ಣವಲಯದ ರೋಗಗಳಿಗಾಗಿಯೇ ಒಂದು ವಿದ್ಯಾಲಯವನ್ನು ನಡೆಸುತ್ತಿದ್ದರು. ಅಲ್ಲಿಗೆ ಹೋಗಬೇಕೆಂದು ಸುಬ್ಬರಾಯರು ನಿರ್ಧರಿಸಿದರು. ಕಾಕಿನಾಡದ ಧರ್ಮಸಂಸ್ಥೆಯೊಂದು ಸಹಾಯ ನೀಡಿತು. ಮಾವನವರೂ ಹಣ ಒದಗಿಸಿದರು. 1922ರ ಅಕ್ಟೋಬರ್ ತಿಂಗಳಿನಲ್ಲಿ ಅವರು ಬಾಸ್ಟನ್ನಿಗೆ ತಲುಪಿದರು. ಕೆಲವು ವರ್ಷಗಳಲ್ಲಿ ಹಿಂದಿರುಗುವುದಾಗಿ ಪತ್ನಿಗೆ ಭರವಸೆ ಕೊಟ್ಟು ಹೊರಟಿದ್ದರು. ಆ ಭರವಸೆಯನ್ನು ನಡೆಸಿಕೊಡುವುದು ಅವರಿಂದ ಸಾಧ್ಯವಾಗಲಿಲ್ಲ.

ಬಾಸ್ಟನ್ನಿನ ಆರಂಭದ ದಿನಗಳು ಬಹಳ ಕಷ್ಟದವಾಗಿದ್ದವು. ಅವರ ವೈದ್ಯ ಪ್ರಮಾಣಪತ್ರಕ್ಕೆ ಅಲ್ಲಿ ಮನ್ನಣೆ ಇರಲಿಲ್ಲ. ಹೊಟ್ಟೆಪಾಡಿಗಾಗಿ ಅವರು ಆಸ್ಪತ್ರೆಯೊಂದರಲ್ಲಿ ರಾತ್ರಿಯ ಹೊತ್ತು ಕೂಲಿ ಕೆಲಸಕ್ಕೆ ಸೇರಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದು ಅವರ ಕೆಲಸಗಳಲ್ಲಿ ಒಂದಾಗಿತ್ತು. ಹಗಲು ಓದು, ರಾತ್ರಿ ದುಡಿಮೆ. ಹೀಗಿರುವಾಗ ಊರಿನಿಂದ ಮತ್ತೊಂದು ದುಃಖದ ಸುದ್ದಿಯು ಸಮುದ್ರವನ್ನು ದಾಟಿ ಬಂದಿತು. ಅವರ ಒಬ್ಬನೇ ಮಗನು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದನು. ಎರಿಸಿಪಲಾಸ್ ಎಂಬ ಚರ್ಮದ ಸೋಂಕು ಆ ಶಿಶುವನ್ನು ಬಲಿತೆಗೆದುಕೊಂಡಿತ್ತು. ಕಣ್ಣಿಗೆ ಕಾಣದ ರೋಗಾಣುಗಳಿಂದ ಬರುವ ಈ ಬೇನೆ ಇಂದು ಕೆಲವು ದಿನಗಳ ಔಷಧೋಪಚಾರದಿಂದ ವಾಸಿಯಾಗುತ್ತದೆ. ಅಂದು ಅದಕ್ಕೆ ಮದ್ದಿರಲಿಲ್ಲ. ಸಹೋದರರನ್ನು ಪೋಷಣೆಯ ಕೊರತೆಯ ರೋಗವೂ ಮಗನನ್ನು ಸೋಂಕೂ ಕಸಿದುಕೊಂಡವು. ಮುಂದೆ ಸುಬ್ಬರಾಯರ ದುಡಿಮೆಯೆಲ್ಲ ಈ ಎರಡು ಶತ್ರುಗಳ ಸುತ್ತಲೇ ನಡೆಯಿತು.

ಉಷ್ಣವಲಯದ ವೈದ್ಯದಲ್ಲಿ ಡಿಪ್ಲೊಮಾ ಪಡೆದ ಮೇಲೆ ಸುಬ್ಬರಾಯರು ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ವಿಜ್ಞಾನಿಯ ಜೊತೆಗೂಡಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕದ ಪ್ರಮಾಣವನ್ನು ಸುಲಭವಾಗಿ ಅಳೆಯುವ ವಿಧಾನವೊಂದನ್ನು ಇವರಿಬ್ಬರೂ 1925ರಲ್ಲಿ ಪ್ರಕಟಿಸಿದರು. ದ್ರವಕ್ಕೆ ಕೆಲವು ರಾಸಾಯನಿಕಗಳನ್ನು ಬೆರೆಸಿದರೆ ನೀಲಿ ಬಣ್ಣ ಮೂಡುತ್ತದೆ. ಬಣ್ಣವು ಗಾಢವಾದಷ್ಟೂ ರಂಜಕ ಹೆಚ್ಚಾಗಿದೆಯೆಂದು ತಿಳಿಯಬೇಕು. ಫಿಸ್ಕೆ–ಸುಬ್ಬರಾವ್ ವಿಧಾನವೆಂದೇ ಹೆಸರಾದ ಇದನ್ನು ಜಗತ್ತಿನ ಜೀವರಸಾಯನ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಅಭ್ಯಾಸ ಮಾಡಿದರು. 1927ರಲ್ಲಿ ಅವರು ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನು ಕಂಡುಹಿಡಿದರು. 1929ರಲ್ಲಿ ಎ.ಟಿ.ಪಿ. ಎಂಬ ಮತ್ತೊಂದು ವಸ್ತುವನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬುವರೂ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡಿದ್ದರು. ಜೀವಕೋಶಗಳು ತಮ್ಮ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಎ.ಟಿ.ಪಿ.ಯಿಂದಲೇ ಪಡೆಯುತ್ತವೆ. ಇಂಥ ಮೂಲಭೂತವಾದ ಸಂಶೋಧನೆಯಲ್ಲಿ ಭಾಗಿಯಾಗಿದ್ದರೂ, 1930ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದಿದ್ದರೂ, ಸುಬ್ಬರಾಯರಿಗೆ ಹಾರ್ವರ್ಡಿನಲ್ಲಿ ಖಾಯಂ ಹುದ್ದೆ ದೊರೆಯಲಿಲ್ಲ. ಅದಕ್ಕಾಗಿ ಅವರು ಯಾರನ್ನೂ ದೂರುತ್ತ ಕುಳಿತವರಲ್ಲ. ಪಿತ್ತಜನಕಾಂಗದಲ್ಲಿ ಅಡಗಿರುವ, ರಕ್ತಹೀನತೆಯನ್ನು ನೀಗಿಸುವ ವಸ್ತುಗಳ ಅನ್ವೇಷಣೆಯಲ್ಲಿ ಅವರು ತೊಡಗಿದರು.

1940ರಲ್ಲಿ ಸುಬ್ಬರಾಯರು ಹಾರ್ವರ್ಡನ್ನು ಬಿಟ್ಟು, ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಮುಂದೆ ಅಲ್ಲಿಯ ಸಂಶೋಧನಾ ವಿಭಾಗಕ್ಕೆ ನಿರ್ದೇಶಕರಾದರು. ಅವರ ಮಾರ್ಗದರ್ಶನದಲ್ಲಿ ನಡೆದ ಕೆಲಸಗಳಲ್ಲಿ ಫೋಲಿಕ್ ಆಮ್ಲದ ಸಂಶ್ಲೇಷಣೆ ಪ್ರಮುಖವಾದುದು. ಈ ವಸ್ತುವಿನ ಸುಳಿವು ಮೊದಲು ಸಿಕ್ಕಿದುದು ಭಾರತದಲ್ಲಿಯೇ. ಮುಂಬಯಿಯಲ್ಲಿ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಯು ಈಸ್ಟಿನ ಸತ್ವವನ್ನು ಕೊಟ್ಟಾಗ ಗುಣವಾಗುವುದನ್ನು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಕಂಡುಕೊಂಡಿದ್ದರು. ಆ ಸತ್ವದಲ್ಲಿ ಅಡಗಿದ್ದ ಜೀವಸತ್ವವೇ ಫೋಲಿಕ್ ಆಮ್ಲವೆಂದು ಅನಂತರ ತಿಳಿಯಿತು. ಪ್ರಕೃತಿಯಲ್ಲಿ ಇದು ದೊರೆಯುವುದು ಅತ್ಯಲ್ಪ ಪ್ರಮಾಣದಲ್ಲಿ. 1945ರಲ್ಲಿ ಸುಬ್ಬರಾಯರ ತಂಡವು ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವುದರಲ್ಲಿ ಯಶಸ್ವಿಯಾಯಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಒಳ್ಳೆಯ ಮದ್ದಾಯಿತು. ತನ್ನ ಸಹೋದರರನ್ನು ಕೊಂದ ರೋಗದ ವಿರುದ್ಧ ಸುಬ್ಬರಾಯರು ಕಾಲು ಶತಮಾನದ ಮೇಲೆ ಆಯುಧವೊಂದನ್ನು ದೊರಕಿಸಿಕೊಂಡಂತಾಯಿತು.

ಆದರೆ ಫೋಲಿಕ್ ಆಮ್ಲದ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಮಾನವನ ಎಲುಬುಗಳ ಒಳಗೆ ಅಸ್ಥಿಮಜ್ಜೆ ಎಂಬ ಮೆತ್ತನೆಯ ಪದಾರ್ಥವಿದೆ. ರಕ್ತಕಣಗಳು ಹುಟ್ಟುವುದು ಅಲ್ಲಿ. ಕೆಂಪು ಕಣಗಳು ಪ್ರಾಣವಾಯುವನ್ನು ಒಯ್ಯುತ್ತವೆ. ಕಿರುಬಿಲ್ಲೆಗಳು ರಕ್ತಸ್ರಾವವನ್ನು ತಡೆಯುತ್ತವೆ. ಬಿಳಿ ಕಣಗಳು ಶರೀರವನ್ನು ಕಾಯುತ್ತವೆ. ರಕ್ತದ ಕ್ಯಾನ್ಸರಿನಲ್ಲಿ ಬಲಿಯದ, ಕೆಲಸಕ್ಕೆ ಬಾರದ ಬಿಳಿ ಕಣಗಳು ಮಿತಿಮೀರಿ ಬೆಳೆದು ಮಜ್ಜೆಯನ್ನೆಲ್ಲ ಆಕ್ರಮಿಸುತ್ತವೆ. ಹೊಲದಲ್ಲಿ ಕಳೆ ಹಬ್ಬಿದಾಗ ಪೈರು ಸೊರಗುವಂತೆ ಒಳ್ಳೆಯ ಕಣಗಳು ಕ್ಷೀಣಿಸುತ್ತವೆ. 1947ರವರೆಗೂ ಈ ರೋಗಕ್ಕೆ ಗುರಿಯಾದ ಮಕ್ಕಳು ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಸಾಯುವುದನ್ನು ವೈದ್ಯರು ಅಸಹಾಯಕರಾಗಿ ನೋಡಬೇಕಾಗಿತ್ತು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಫೋಲಿಕ್ ಆಮ್ಲದ ಕುಟುಂಬಕ್ಕೆ ಸೇರಿದ ವಸ್ತುಗಳನ್ನು ಅವರು ಇಂಥ ಮಕ್ಕಳಿಗೆ ಕೊಟ್ಟು ನೋಡಿದರು. ಗುಣ ಕಾಣುವುದಕ್ಕೆ ಬದಲಾಗಿ ರೋಗವು ಮತ್ತಷ್ಟು ವೇಗವಾಗಿ ಮುಂದುವರಿದಂತೆ ತೋರಿತು. ಈ ಸೋಲಿನಿಂದಲೇ ಒಂದು ಹೊಳಹು ದೊರೆಯಿತು. ಕಣಗಳು ವೃದ್ಧಿಯಾಗಲು ಫೋಲಿಕ್ ಆಮ್ಲ ಅವಶ್ಯಕವಾಗಿರುವುದಾದರೆ, ಅದನ್ನು ತಡೆಹಿಡಿದಾಗ ಕ್ಯಾನ್ಸರ್ ಕಣಗಳ ವೃದ್ಧಿಯೂ ನಿಲ್ಲಬೇಕಲ್ಲವೆ? ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸವನ್ನು ಮಾಡದ ವಸ್ತುಗಳನ್ನು ಸುಬ್ಬರಾಯರ ತಂಡವು ಸಿದ್ಧಪಡಿಸಿಕೊಟ್ಟಿತು. ಬೀಗಕ್ಕೆ ತಪ್ಪು ಕೀಲಿಕೈ ಸಿಕ್ಕಿಕೊಂಡರೆ ಸರಿಯಾದ ಕೀಲಿಕೈ ಒಳಗೆ ಹೋಗಲಾರದು. ಈ ವಸ್ತುಗಳ ಕೆಲಸವೂ ಅಂಥದೇ. ಅವುಗಳಲ್ಲಿ ಒಂದಾದ ಅಮಿನಾಪ್ಟೆರಿನ್ ಎಂಬುದನ್ನು ಫಾರ್ಬರರು 1947ರ ಕೊನೆಯಲ್ಲಿ ಮಕ್ಕಳಿಗೆ ಕೊಡಲಾರಂಭಿಸಿದರು. 16 ಮಂದಿ ಮಕ್ಕಳಲ್ಲಿ 10 ಮಂದಿಗೆ ಗುಣ ಕಂಡಿತು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಆಟವಾಡಿದರು. ಈ ಗುಣವು ತಾತ್ಕಾಲಿಕವಾದುದಾಗಿತ್ತು; ಕೆಲವು ತಿಂಗಳುಗಳಲ್ಲಿ ರೋಗ ಮರುಕಳಿಸಿತು. ಆದರೂ ರಕ್ತದ ಕ್ಯಾನ್ಸರನ್ನು ಔಷಧಿಯಿಂದ ಹಿಮ್ಮೆಟ್ಟಿಸಬಹುದೆಂಬುದು ಸಿದ್ಧವಾಯಿತು. 1948ರ ಜೂನ್ ತಿಂಗಳಿನಲ್ಲಿ ಈ ವಿವರಗಳು ಪ್ರಕಟವಾದವು. ಅಮಿನಾಪ್ಟೆರಿನ್ನಿನ ಸೋದರ ವಸ್ತುವಾದ ಮೆಥೋಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ.

ಈ ಔಷಧಿಗಳು ಇಬ್ಬಾಯಿಯ ಖಡ್ಗದಂತೆ. ಕಳೆಯನ್ನು ಕೀಳುವಾಗ ಅವು ಪೈರಿಗೂ ಪೆಟ್ಟು ಕೊಡುತ್ತವೆ. ಅಸ್ಥಿಮಜ್ಜೆಯಲ್ಲಿ ಒಳ್ಳೆಯ ಕಣಗಳ ಉತ್ಪತ್ತಿಯೂ ಕೆಲವು ಕಾಲ ಕುಗ್ಗುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಅಪಾಯವು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಕೊರತೆಯಿಂದ ಬರುತ್ತದೆ. ಬಿಳಿ ಕಣಗಳಿಗೆ ಬಣ್ಣ ಹಚ್ಚಿ ಅವುಗಳ ಜಾತಿಗಳನ್ನು ಮೊದಲು ವಿಂಗಡಿಸಿದವರು ಪಾಲ್ ಎರ್ಲಿಕ್ ಎಂಬ ಜರ್ಮನ್ ವಿಜ್ಞಾನಿ. ತಟಸ್ಥ ಬಣ್ಣವನ್ನು ಹೀರುವ ಕಣಗಳಿಗೆ ನ್ಯೂಟ್ರೋಫಿಲ್ ಎಂಬ ಹೆಸರು ಬಂದಿತು. ಇವು ಶರೀರದ ಕಾಲಾಳುಗಳು. ರೋಗಾಣುಗಳು ನುಗ್ಗಿದೆಡೆಗೆ ಮೊದಲು ಧಾವಿಸಿ, ಅವುಗಳನ್ನು ನುಂಗಿ ನಾಶಪಡಿಸುತ್ತವೆ. ಗಾಯದಲ್ಲಿ ಕಾಣುವ ಕೀವಿನ ಬಹುಭಾಗವು ಹೀಗೆ ಹೋರಾಡಿ ಮಡಿದ ನ್ಯೂಟ್ರೋಫಿಲ್‌ಗಳೇ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 2,000ದಿಂದ 7,500ರವರೆಗೆ ಇರುತ್ತವೆ. ರಕ್ತದ ಕ್ಯಾನ್ಸರಿನ ರೋಗಿಯಲ್ಲಿ ಈ ಸಂಖ್ಯೆ 500ಕ್ಕಿಂತಲೂ, ಒಮ್ಮೊಮ್ಮೆ 100ಕ್ಕಿಂತಲೂ ಕೆಳಗಿಳಿಯುತ್ತದೆ.

ಕಾವಲುಗಾರರಿಲ್ಲದ ಕೋಟೆಯೊಳಗೆ ಶತ್ರುವು ಸದ್ದಿಲ್ಲದೆ ಪ್ರವೇಶಿಸುತ್ತಾನೆ. ಇಂಥ ರೋಗಿಗಳ ಮೇಲೆ ದಾಳಿ ಮಾಡುವ ಶತ್ರುವು ಅನೇಕ ವೇಳೆ ಹೊರಗಿನವನೂ ಅಲ್ಲ. ಮೆಥೋಟ್ರೆಕ್ಸೇಟಿನಂಥ ಔಷಧಿಗಳಿಂದ ಬಾಯಿಯ ಮತ್ತು ಕರುಳಿನ ಒಳಪೊರೆಯಲ್ಲಿ ಹುಣ್ಣುಗಳಾಗುತ್ತವೆ. ಎಂದಿನಿಂದಲೂ ಕರುಳಿನಲ್ಲಿ ನಿರುಪದ್ರವಿಗಳಾಗಿ ವಾಸಿಸುತ್ತಿದ್ದ ರೋಗಾಣುಗಳು ಆ ಬಿರುಕುಗಳ ಮೂಲಕ ರಕ್ತಕ್ಕೆ ಸೇರುತ್ತವೆ. ನ್ಯೂಟ್ರೋಫಿಲ್‌ಗಳು ಇಲ್ಲದ ಕಾರಣ ಕೀವು ಕಟ್ಟುವುದಿಲ್ಲ. ಬಾವು, ಕೆಂಪು, ನೋವುಗಳೂ ಸ್ಪಷ್ಟವಾಗಿ ತೋರುವುದಿಲ್ಲ. ಜ್ವರವೊಂದೇ ಅನೇಕ ಸಲ ಅಪಾಯದ ಏಕೈಕ ಸೂಚನೆಯಾಗಿರುತ್ತದೆ. ಅದನ್ನು ಅಲಕ್ಷಿಸಿದರೆ ರೋಗಿಯು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕ ಸ್ಥಿತಿಗೆ ತಲುಪಬಹುದು. ಹೀಗೆ ಕ್ಯಾನ್ಸರನ್ನು ಗೆಲ್ಲಬೇಕಾದರೆ ಒಂದು ಔಷಧಿ ಸಾಲದು. ಕ್ಯಾನ್ಸರ್ ಕಣಗಳನ್ನು ನಾಶಮಾಡುವ ಔಷಧಿಯ ಜೊತೆಗೆ, ಕಾವಲುಗಾರರು ಮರಳಿ ಬರುವವರೆಗೆ ಕೋಟೆಯನ್ನು ಕಾಯುವ ಔಷಧಿಯೂ ಬೇಕು.

ರೋಗಾಣುಗಳನ್ನು ಎದುರಿಸುವ ಔಷಧಿಗಳ ಅನ್ವೇಷಣೆಯೂ ಸುಬ್ಬರಾಯರ ಪ್ರಯೋಗಾಲಯದಲ್ಲಿ ನಡೆಯುತ್ತಿತ್ತು. ಪೆನಿಸಿಲಿನ್ ಆಗ ಬಳಕೆಗೆ ಬಂದಿತ್ತು. ಆದರೆ ಅನೇಕ ಜಾತಿಯ ರೋಗಾಣುಗಳು ಅದಕ್ಕೆ ಬಗ್ಗುತ್ತಿರಲಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ತಮ್ಮ ಆತ್ಮರಕ್ಷಣೆಗಾಗಿ ಸ್ರವಿಸುವ ವಸ್ತುಗಳಲ್ಲಿ ಹೊಸ ಔಷಧಿ ದೊರೆಯಬಹುದೆಂಬ ನಂಬಿಕೆಯಿಂದ ಲೆಡರ್ಲೆಯವರು ಹಲವು ಪ್ರದೇಶಗಳ ಮಣ್ಣನ್ನು ತರಿಸಿ ಪರೀಕ್ಷಿಸಿದರು. ಈ ಕಾರ್ಯವನ್ನು ವಹಿಸಿಕೊಂಡವರು ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ. ವಿಶ್ವವಿದ್ಯಾಲಯದಿಂದ ನಿವೃತ್ತರಾದ ಅವರು ಎಪ್ಪತ್ತು ದಾಟಿದ ಮೇಲೆ ಇಲ್ಲಿಗೆ ಬಂದು ಸೇರಿದ್ದರು. ಮಿಸೌರಿ ಸಂಸ್ಥಾನದ ಒಂದು ಹೊಲದ ಮಣ್ಣಿನಲ್ಲಿ 1945ರಲ್ಲಿ ಅವರಿಗೆ ಹೊಂಬಣ್ಣದ ಸೂಕ್ಷ್ಮಜೀವಿಯೊಂದು ದೊರೆಯಿತು. ಅದರಿಂದ ಪಡೆದ ಔಷಧಿಗೆ ಬಂಗಾರವೆಂಬ ಅರ್ಥದ ಲ್ಯಾಟಿನ್ ಪದದಿಂದ ಆರಿಯೋಮೈಸಿನ್ ಎಂಬ ಹೆಸರು ಬಂದಿತು. 1948ರ ಜುಲೈ ತಿಂಗಳಿನಲ್ಲಿ ಅದನ್ನು ವಿಜ್ಞಾನಿಗಳ ಮುಂದಿಡಲಾಯಿತು. ಪೆನಿಸಿಲಿನ್ನಿಗೆ ಬಗ್ಗದ ಅನೇಕ ರೋಗಾಣುಗಳನ್ನು ಅದು ತಡೆಯಿತು. ಟೆಟ್ರಾಸೈಕ್ಲಿನ್ ಎಂದು ಹೆಸರಾದ ಔಷಧಿಗಳ ಕುಟುಂಬಕ್ಕೆ ಅದೇ ಹಿರಿಯಣ್ಣ. ರಕ್ತದ ಕ್ಯಾನ್ಸರಿನ ಔಷಧಿಯ ಫಲಿತಾಂಶ ಪ್ರಕಟವಾದುದಕ್ಕೂ ಆರಿಯೋಮೈಸಿನ್ ಹೊರಬಂದುದಕ್ಕೂ ನಡುವೆ ಎರಡು ತಿಂಗಳೂ ಕಳೆದಿರಲಿಲ್ಲ.

ಇದೇ ಅವಧಿಯಲ್ಲಿ ಅವರ ತಂಡವು ಆನೆಕಾಲು ರೋಗಕ್ಕೂ ಔಷಧಿಯನ್ನು ಸಿದ್ಧಪಡಿಸಿತು. ಹೆಟ್ರಜಾನ್ ಎಂಬ ಹೆಸರಿನಿಂದ ಬಂದ ಡೈಈಥೈಲ್‌ಕಾರ್ಬಮಜೈನ್ ಎಂಬ ಆ ಔಷಧಿಯನ್ನು, ಆನೆಕಾಲು ರೋಗವನ್ನು ಬಹುಕಾಲದಿಂದ ಕಂಡಿರುವ ಕರ್ನಾಟಕದ ಕರಾವಳಿಯ ಜನರೂ ಬಳಸಿದ್ದಾರೆ. ಅದರ ಹಿಂದೆ ಭೀಮವರಂನ ಸುಬ್ಬರಾಯರ ಶ್ರಮವಿತ್ತೆಂಬುದು ಬಹು ಮಂದಿಗೆ ತಿಳಿಯದು.

ಸುಬ್ಬರಾಯರು ಹೆಸರಿಗಾಗಿ ಹಾತೊರೆದವರಲ್ಲ. ತಮ್ಮ ಮಾರ್ಗದರ್ಶನದಲ್ಲಿ ನಡೆದ ಸಂಶೋಧನೆಗಳ ಕೀರ್ತಿಯು ಸಹೋದ್ಯೋಗಿಗಳಿಗೆ ಸೇರಲೆಂದು ಬಯಸಿ, ಸಭೆ ಸಮಾರಂಭಗಳಿಂದ ದೂರವಾಗಿ ಉಳಿಯುತ್ತಿದ್ದರು. ಕೆಲಸದಲ್ಲಿ ಹಗಲು ರಾತ್ರಿಗಳ ಪರಿವೆ ಅವರಿಗಿರಲಿಲ್ಲ. ಅಮೆರಿಕದ ಪೌರತ್ವವನ್ನು ಅವರು ಪಡೆಯಲಿಲ್ಲ. ತಾಯ್ನಾಡಿಗೆ ಮರಳುವ ದಿನವೂ ಕೂಡಿಬರಲಿಲ್ಲ. 1948ರ ಆಗಸ್ಟ್ ತಿಂಗಳಿನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಆಗ ಅವರಿಗೆ 53 ವರ್ಷ ವಯಸ್ಸು. ಆರಿಯೋಮೈಸಿನ್ ಲೋಕಕ್ಕೆ ಪ್ರಕಟವಾಗಿ ಮೂರು ವಾರಗಳೂ ಆಗಿರಲಿಲ್ಲ. ಭಾರತವು ಸ್ವತಂತ್ರವಾಗಿ ಒಂದು ವರ್ಷ ತುಂಬಲು ಇನ್ನು ಕೆಲವೇ ದಿನಗಳಿದ್ದವು. ಇಪ್ಪತ್ತಾರು ವರ್ಷಗಳ ಹಿಂದೆ ಪತಿಯನ್ನು ಬೀಳ್ಕೊಟ್ಟಿದ್ದ ಶೇಷಗಿರಿಯವರಿಗೆ ಮತ್ತೆ ಅವರನ್ನು ಕಾಣುವ ಭಾಗ್ಯ ಲಭಿಸಲಿಲ್ಲ. ಸುಬ್ಬರಾಯರ ಸಾಧನೆಯ ಬೆಲೆಯನ್ನು ಎಣಿಸುವಾಗ ಈ ತಾಯಿಯ ತ್ಯಾಗವನ್ನೂ ಮರೆಯಲಾಗದು.

ಅವರು ಆರಂಭಿಸಿದ ಕೆಲಸವು ಅವರೊಡನೆ ನಿಲ್ಲಲಿಲ್ಲ. ಆರಿಯೋಮೈಸಿನ್ ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತದೆ. ತಡೆದು ನಿಲ್ಲಿಸಿದವುಗಳನ್ನು ಕೊಂದು ಮುಗಿಸುವ ಕಾರ್ಯವನ್ನು ಶರೀರದ ಬಿಳಿ ಕಣಗಳೇ ಮಾಡಬೇಕು. ನ್ಯೂಟ್ರೋಫಿಲ್‌ಗಳೇ ಇಲ್ಲದ ರೋಗಿಗೆ ಇದು ಸಾಲದಾಯಿತು. ರೋಗಾಣುಗಳನ್ನು ನೇರವಾಗಿ ಕೊಲ್ಲಬಲ್ಲ ಔಷಧಿಗಳು ಬೇಕೆಂಬುದು ಅನುಭವದಿಂದ ತಿಳಿದುಬಂದಿತು. 1966ರಲ್ಲಿ ಅಮೆರಿಕದ ಜೆರಾಲ್ಡ್ ಬೋಡಿ ಎಂಬ ವೈದ್ಯರೂ ಅವರ ಸಂಗಡಿಗರೂ ರಕ್ತದ ಕ್ಯಾನ್ಸರಿನ ರೋಗಿಗಳನ್ನು ಪರಿಶೀಲಿಸಿ ಒಂದು ಮುಖ್ಯವಾದ ವಿಷಯವನ್ನು ತೋರಿಸಿಕೊಟ್ಟರು. ನ್ಯೂಟ್ರೋಫಿಲ್‌ಗಳ ಸಂಖ್ಯೆ ಇಳಿದಂತೆಲ್ಲ ಸೋಂಕು ಹೆಚ್ಚುತ್ತದೆ. ಅವು ಕಡಿಮೆಯಾಗಿರುವ ದಿನಗಳು ಹೆಚ್ಚಿದಂತೆಲ್ಲ ಅಪಾಯವೂ ಹೆಚ್ಚುತ್ತದೆ.

ಆ ಕಾಲದಲ್ಲಿ ರೋಗಿಗೆ ಜ್ವರ ಬಂದರೆ ರಕ್ತವನ್ನು ಪರೀಕ್ಷೆಗೆ ಕಳುಹಿಸಿ, ಯಾವ ರೋಗಾಣು ಎಂಬುದು ತಿಳಿದ ಬಳಿಕ ಔಷಧಿ ಕೊಡುವ ಪದ್ಧತಿಯಿತ್ತು. ಪ್ರಯೋಗಾಲಯದಲ್ಲಿ ರೋಗಾಣು ಬೆಳೆದು ಗುರುತು ಸಿಗಲು ಒಂದೆರಡು ದಿನಗಳಾದರೂ ಬೇಕು. ಉತ್ತರ ಬರುವಷ್ಟರಲ್ಲಿ ಅನೇಕ ರೋಗಿಗಳು ಪ್ರಾಣ ಬಿಟ್ಟಿರುತ್ತಿದ್ದರು. 1971ರಲ್ಲಿ ಬಾಲ್ಟಿಮೋರ್ ನಗರದ ವೈದ್ಯರು ಈ ಪದ್ಧತಿಯನ್ನು ಬದಲಾಯಿಸಿದರು. ಜ್ವರ ಕಂಡೊಡನೆ, ಪರೀಕ್ಷೆಯ ಉತ್ತರಕ್ಕಾಗಿ ಕಾಯದೆ, ಕಾರ್ಬೆನಿಸಿಲಿನ್ ಮತ್ತು ಜೆಂಟಮೈಸಿನ್ ಎಂಬ ಎರಡು ಔಷಧಿಗಳನ್ನು ಒಟ್ಟಿಗೆ ಕೊಟ್ಟು ಬಹು ಮಂದಿಯನ್ನು ಉಳಿಸಿಕೊಳ್ಳಬಹುದೆಂದು ಅವರು ತೋರಿಸಿದರು. ಮನೆಗೆ ಬೆಂಕಿ ಬಿದ್ದಾಗ ಅದರ ಕಾರಣವನ್ನು ವಿಚಾರಿಸುವುದಕ್ಕೆ ಮೊದಲು ನೀರು ಸುರಿಯುವುದೇ ವಿವೇಕವಲ್ಲವೆ?

ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ಇದೇ ತತ್ತ್ವವು ಆಚರಣೆಯಲ್ಲಿದೆ. ನ್ಯೂಟ್ರೋಫಿಲ್‌ಗಳು 500ಕ್ಕಿಂತ ಕಡಿಮೆಯಿರುವ ರೋಗಿಗೆ ಜ್ವರವು ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಇಲ್ಲವೆ 38 ಡಿಗ್ರಿಯಲ್ಲಿ ಒಂದು ಗಂಟೆಯ ಕಾಲ ನಿಂತರೆ, ಅದನ್ನು ತುರ್ತು ಪರಿಸ್ಥಿತಿಯೆಂದು ಪರಿಗಣಿಸುತ್ತಾರೆ. ಪರೀಕ್ಷೆಗಾಗಿ ರಕ್ತವನ್ನು ತೆಗೆದುಕೊಂಡು, ಸಾಧ್ಯವಾದಮಟ್ಟಿಗೆ ಒಂದು ಗಂಟೆಯೊಳಗೆ, ಹಲವು ಬಗೆಯ ರೋಗಾಣುಗಳನ್ನು ಕೊಲ್ಲಬಲ್ಲ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅನಂತರ ಪರೀಕ್ಷೆಯ ಫಲಿತಾಂಶವನ್ನು ನೋಡಿ ಔಷಧಿಯನ್ನು ಬದಲಾಯಿಸುವುದುಂಟು. ಕೆಲವು ದಿನಗಳಾದರೂ ಜ್ವರವು ಇಳಿಯದಿದ್ದರೆ ಶಿಲೀಂಧ್ರಗಳ ಸೋಂಕನ್ನು ಶಂಕಿಸಿ ಅದಕ್ಕೆ ತಕ್ಕ ಚಿಕಿತ್ಸೆ ನಡೆಸುತ್ತಾರೆ. ನ್ಯೂಟ್ರೋಫಿಲ್‌ಗಳ ಉತ್ಪತ್ತಿಯನ್ನು ಚುರುಕುಗೊಳಿಸುವ ಔಷಧಿಯೂ 1991ರಿಂದ ಬಳಕೆಯಲ್ಲಿದೆ. ಇವೆಲ್ಲದರ ಜೊತೆಗೆ, ರೋಗಿಯನ್ನು ಮುಟ್ಟುವವರು ಕೈಗಳನ್ನು ಚೆನ್ನಾಗಿ ತೊಳೆದುಕೊಳ್ಳುವ ಸರಳವಾದ ನಿಯಮವೂ ಜೀವರಕ್ಷಕವಾದುದು.

1947ಕ್ಕೆ ಮೊದಲು ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಬದುಕುವ ಆಸೆಯೇ ಇರಲಿಲ್ಲ. ಇಂದು ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಬಗೆಯ ರಕ್ತದ ಕ್ಯಾನ್ಸರಿನಲ್ಲಿ, ಉತ್ತಮ ಚಿಕಿತ್ಸೆಯ ಸೌಕರ್ಯವಿರುವ ದೇಶಗಳಲ್ಲಿ, ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿಗಳು ಮಾತ್ರವೇ ಈ ಫಲವನ್ನು ತಂದುಕೊಡಲಿಲ್ಲ. ಆ ಔಷಧಿಗಳ ಪೆಟ್ಟಿನಿಂದ ಶರೀರವು ನಿರಾಯುಧವಾದ ದಿನಗಳಲ್ಲಿ ಜ್ವರವನ್ನು ಕಾದು ನೋಡಿ, ಸೋಂಕನ್ನು ತಡೆದು, ಮಗುವನ್ನು ಉಳಿಸಿಕೊಂಡ ಎಚ್ಚರಿಕೆಯ ಪಾಲೂ ಅದರಲ್ಲಿದೆ.

ಭಾರತ ಸರ್ಕಾರವು ಸುಬ್ಬರಾಯರ ಶತಮಾನೋತ್ಸವದ ವರ್ಷವಾದ 1995ರಲ್ಲಿ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರತಂದಿತು. ಆದರೆ ಅವರ ನಿಜವಾದ ಸ್ಮಾರಕಗಳು ಆಸ್ಪತ್ರೆಗಳಲ್ಲಿವೆ. ಪರೀಕ್ಷೆಯಲ್ಲಿ ಎರಡು ಸಲ ಸೋತ ಹುಡುಗ, ಖಾದಿ ಧರಿಸಿದ್ದಕ್ಕಾಗಿ ಪದವಿಯನ್ನು ಕಳೆದುಕೊಂಡ ತರುಣ, ಪರದೇಶದಲ್ಲಿ ರಾತ್ರಿಯೆಲ್ಲ ಪಾತ್ರೆ ತೊಳೆದ ವಿದ್ಯಾರ್ಥಿ, ತನ್ನ ಸಹೋದರರನ್ನೂ ಮಗನನ್ನೂ ಉಳಿಸಿಕೊಳ್ಳಲಾರದೆ ಹೋದ ವೈದ್ಯ, ಇವರೆಲ್ಲರೂ ಒಬ್ಬರೇ. ತಮ್ಮವರಿಗೆ ದೊರೆಯದ ಮದ್ದನ್ನು ಅವರು ಕಾಣದ ದೇಶಗಳ, ಹೆಸರರಿಯದ ಮಕ್ಕಳಿಗೆ ದೊರಕಿಸಿಕೊಟ್ಟರು. ಜ್ವರದಿಂದ ಬೆಂದ ಮಗುವೊಂದು ಬೆಳಗಾಗುವಷ್ಟರಲ್ಲಿ ಬೆವರಿ ತಂಪಾಗಿ, ಕಣ್ದೆರೆದು ತಾಯಿಯನ್ನು ನೋಡಿ ನಕ್ಕಾಗ, ಆ ನಗೆಯಲ್ಲಿ ಸುಬ್ಬರಾಯರ ಜೀವಮಾನದ ದುಡಿಮೆಯ ಒಂದು ಪಾಲು ಸೇರಿರುತ್ತದೆ.